ಟ್ಯಾಗ್ ಅವರು ಹಾಕಲಿ, ಕ್ಯಾಟಲಾಗ್ ನೀನು ಬಿಡಬೇಡ

ನೋಡಮ್ಮ, ನಿಮ್ಮ ಶಾಲೆಯ ಆಡಳಿತ ಮಂಡಳಿಯವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ‘ಮಕ್ಕಳೇ ತಮಗೆ ಬೇಕಾದ ಲಿಂಕ್ ಉಳಿಸಿಕೊಳ್ತಾರೆ, ಅವರೇ ಟ್ಯಾಗ್ ಹಾಕ್ತಾರೆ, ಹುಡುಕಿದರೆ ಸಿಗುತ್ತೆ. ಇನ್ನು ಕ್ಯಾಟಲಾಗ್ ಅಂತ ಕೂತು ಬರೆಯೋದು ಯಾಕೆ?’ ಎಂದು ಸಂಬಳ ಕೊಡುವವರು ಕೇಳೇ ಕೇಳುತ್ತಾರೆ. ಅದಕ್ಕೆ ನೀನು ಹೆದರಿಕೊಂಡೆಯಲ್ಲ, ನನಗೆ ಯೋಚನೆಯಾದದ್ದು ಅದು. ಇನ್ನೊಂದು ಥರದವರೂ ಇದ್ದಾರೆ, ಹೊಸದೊಂದು ಬಂತು ಎಂದ ಕೂಡಲೇ ಹಳೆಯ ರಿಜಿಸ್ಟರುಗಳನ್ನೆಲ್ಲ ಅಟ್ಟಕ್ಕೆ ಹಾಕಿ ಕುಣಿಯುವವರು. ಎರಡೂ ಬೇಡ. ಈ ಟ್ಯಾಗ್ ಎಂಬುದು ನಿನ್ನ ಕೆಲಸದ ಒಂದು ಪಾಲನ್ನು ಮಕ್ಕಳ ಕೈಗೆ ಕೊಡುತ್ತದೆ, ಉಳಿದ ಪಾಲನ್ನು ಮೊದಲಿಗಿಂತ ಹೆಚ್ಚು ಮಾಡುತ್ತದೆ. ಯಾವುದು ಅವರ ಪಾಲು, ಯಾವುದು ನಿನ್ನ ಪಾಲು ಎಂದು ತಿಳಿದುಕೊಂಡರೆ ಮಂಡಳಿಯ ಮೀಟಿಂಗಿನಲ್ಲಿ ತಲೆ ಎತ್ತಿ ಕೂರಬಹುದು.

ಮೂಲ ಹಿಡಿದು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಒಳ್ಳೆಯ ಪುಟವೊಂದು ಕಂಡರೆ ಬುಕ್‌ಮಾರ್ಕ್ ಮಾಡುವುದು ಹಳೆಯ ಅಭ್ಯಾಸವೇ. ಆದರೆ ಅದು ಆ ಒಂದು ಯಂತ್ರದಲ್ಲೇ ಉಳಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಉಳಿಸಿದ್ದು ಲೈಬ್ರರಿಯಲ್ಲಿ ಸಿಗುತ್ತಿರಲಿಲ್ಲ. 2003ರಲ್ಲಿ ಜೋಶುವಾ ಶಾಕ್ಟರ್ ಎಂಬಾತ ಡಿಲಿಷಿಯಸ್ ಎಂಬ ತಾಣ ಶುರುಮಾಡಿ, ಬುಕ್‌ಮಾರ್ಕುಗಳನ್ನು ಯಂತ್ರದಿಂದ ಬಿಡಿಸಿ ಎಲ್ಲರೂ ನೋಡುವ ಜಾಗಕ್ಕೆ ತಂದ. ಪ್ರತಿ ಲಿಂಕಿಗೂ ತೋಚಿದ ಒಂದೆರಡು ಪದ ಅಂಟಿಸಬಹುದು. ಅದೇ ಪದ ಅಂಟಿಸಿದ ಬೇರೆಯವರು ಏನೇನು ಉಳಿಸಿಕೊಂಡಿದ್ದಾರೆಂದು ನೋಡಬಹುದು. ಜನರೇ ಸೇರಿ ಮಾಡುವ ಈ ವರ್ಗೀಕರಣಕ್ಕೆ 2004ರಲ್ಲಿ ಥಾಮಸ್ ವ್ಯಾಂಡರ್ ವಾಲ್ ‘ಫೋಕ್ಸಾನಮಿ’ ಎಂದು ಹೆಸರಿಟ್ಟ. ಮರುವರ್ಷ ಟಿಮ್ ಸ್ಪಾಲ್ಡಿಂಗ್ ಶುರುಮಾಡಿದ ಲೈಬ್ರರಿಥಿಂಗ್‌ನಲ್ಲಿ ಓದುಗರು ತಮ್ಮ ಮನೆಯ ಪುಸ್ತಕಗಳಿಗೇ ಟ್ಯಾಗ್ ಹಾಕತೊಡಗಿದರು. ಆ ವರ್ಷದ ಕೊನೆಗೆ ಡಿಲಿಷಿಯಸ್ಸನ್ನು ಯಾಹೂ ಕೊಂಡುಕೊಂಡಿತು.

ಇದನ್ನು ಬೇಗ ಹಿಡಿದುಕೊಂಡವರಲ್ಲಿ ಅಮೆರಿಕದ ಶಾಲಾ ಗ್ರಂಥಪಾಲಕರೂ ಇದ್ದರು. ಮುಂದಿನ ವಾರ ಏಳನೇ ತರಗತಿಗೆ ಜಲಚಕ್ರದ ಪಾಠ ಇದೆ ಎಂದು ಟೀಚರ್ ಹೇಳಿದರೆ, ಮೊದಲೆಲ್ಲ ಪುಸ್ತಕಗಳ ಹೆಸರು, ತಾಣಗಳ ವಿಳಾಸ ಎಲ್ಲ ಹಾಳೆಯಲ್ಲಿ ಟೈಪ್ ಮಾಡಿ ಹಂಚಬೇಕಿತ್ತು. ಒಂದು ವಿಳಾಸ ಬದಲಾದರೆ ಹಾಳೆ ದಂಡ. ಈಗ ಸಿಕ್ಕಿದ್ದಕ್ಕೆಲ್ಲ ಒಂದೇ ಟ್ಯಾಗ್ ಹಾಕುತ್ತ ಹೋದರೆ ಪಟ್ಟಿ ತಾನಾಗಿ ಬೆಳೆಯುತ್ತದೆ, ಟೀಚರೂ ತಮಗೆ ಸಿಕ್ಕಿದ್ದನ್ನು ಅದಕ್ಕೇ ಸೇರಿಸುತ್ತಾರೆ. ನಮ್ಮ ಕಾಲದಲ್ಲಿ ಪೇಪರ್ ಕಟಿಂಗ್ ಫೈಲ್ ಇರುತ್ತಿತ್ತಲ್ಲ, ಪ್ರಜಾವಾಣಿ, ಸುಧಾ, ಕಸ್ತೂರಿಯಿಂದ ಕತ್ತರಿಸಿ ಅಂಟಿಸಿ ಮೇಲೆ ಕೆಂಪು ಶಾಯಿಯಲ್ಲಿ ವಿಷಯ ಬರೆಯುತ್ತಿದ್ದದ್ದು? ಮಾಡುವ ಕೆಲಸ ಅದೇ. ಹೆಸರು ಬರೆಯುವ ಪೆನ್ನು ಮಾತ್ರ ಈಗ ಎಲ್ಲರ ಕೈಯಲ್ಲಿದೆ.

ಅದರಿಂದ ಲಾಭವಾಗಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ಜಿಪುಣತನ ಬೇಡ. ಪುಸ್ತಕಕ್ಕೆ ಕಪಾಟಿನಲ್ಲಿ ಒಂದೇ ಜಾಗ. ಕೆರೆಗಳ ಬಗ್ಗೆ ಒಂದು ಪುಸ್ತಕ ಬಂದರೆ ಅದನ್ನು ಚರಿತ್ರೆಗೆ ಹಾಕಬೇಕೋ, ಕೃಷಿಗೋ, ಎಂಜಿನಿಯರಿಂಗಿಗೋ, ಜಾನಪದಕ್ಕೋ? ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಜೀವಮಾನವೆಲ್ಲ ತಲೆ ಕೆಡಿಸಿಕೊಂಡದ್ದು ಇಂಥದ್ದಕ್ಕೇ. 1933ರ ಅವರ ಕೋಲನ್ ವರ್ಗೀಕರಣ ಒಂದು ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ, ಮತ್ತೆ ಜೋಡಿಸಿ ನಂಬರ್ ಕಟ್ಟುತ್ತದೆ. 1962ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರ ಡಿಆರ್‌ಟಿಸಿ ಶುರುಮಾಡಿ, ಕೊನೆಯ ತನಕ ಅವರು ಆ ವರ್ಗೀಕರಣವನ್ನೇ ತಿದ್ದುತ್ತಿದ್ದರು. ಟ್ಯಾಗಿನವರಿಗೆ ಆ ಕಷ್ಟವಿಲ್ಲ: ಕೆರೆ, ನೀರಾವರಿ, ವಿಜಯನಗರ, ಮೀನು, ಎಲ್ಲವನ್ನೂ ಒಟ್ಟಿಗೆ ಹಾಕಿದರಾಯಿತು. ರಂಗನಾಥನ್ ಇದ್ದಿದ್ದರೆ ಬೈಯುತ್ತಿದ್ದರು ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಓದುಗನ ಸಮಯ ಉಳಿಸು ಎಂದು 1931ರಲ್ಲೇ ಸೂತ್ರ ಬರೆದ ಮನುಷ್ಯ ಇದನ್ನು ಮೊದಲು ಬಳಸಿ ನೋಡುತ್ತಿದ್ದರು, ಬೈಗುಳ ಆಮೇಲೆ.

ಇನ್ನೊಂದು ಲಾಭ, ಮಕ್ಕಳ ಮಾತು ನಿನ್ನ ಕಿವಿಗೆ ಬೀಳುವುದು. ನಾವು ಬಳಸುವ ಸಿಯರ್ಸ್ ವಿಷಯ ಶೀರ್ಷಿಕೆಗಳ ಪಟ್ಟಿ 1923ರಲ್ಲಿ ಅಮೆರಿಕದ ಸಣ್ಣ ಗ್ರಂಥಾಲಯಗಳಿಗೆಂದು ಹುಟ್ಟಿದ್ದು. ಕಾರಹುಣ್ಣಿಮೆ, ಕಂಬಳ, ಎಳ್ಳಮಾವಾಸ್ಯೆಯ ಚರಗ ಹುಡುಕಿಕೊಂಡು ಬರುವ ಮಗುವಿನ ನಾಲಿಗೆ ಅದನ್ನು ಮಾಡಿದವರ ಕಣ್ಣ ಮುಂದೆ ಇರಲಿಲ್ಲ. ನೀನು ‘ಪ್ರಾಣಿಶಾಸ್ತ್ರ: ಸರೀಸೃಪಗಳು’ ಎಂದು ಬರೆದ ಪುಸ್ತಕಕ್ಕೆ ಹುಡುಗ ‘ಹಾವು’ ಎನ್ನುತ್ತಾನೆ, ಇನ್ನೊಬ್ಬ ‘ವಿಷ’ ಎನ್ನುತ್ತಾನೆ, ಮೂರನೆಯವಳು ‘ಭಯ’ ಎನ್ನುತ್ತಾಳೆ. ಮೂರೂ ಸರಿ. ಆ ‘ಭಯ’ ಎಂಬ ಟ್ಯಾಗಿಗೆ ಯಾವ ವರ್ಗೀಕರಣದಲ್ಲೂ ನಂಬರ್ ಹುಡುಕಬೇಡ, ಆದರೆ ಅಳಿಸಲೂ ಬೇಡ. ಅದೇ ಟ್ಯಾಗ್ ಹಿಡಿದು ಮುಂದೆ ಇನ್ನೊಂದು ಮಗು ದೆವ್ವದ ಕಥೆಗೆ ಹೋಗುತ್ತದೆ, ಅಲ್ಲಿಂದ ಇನ್ನೆಲ್ಲಿಗೋ.

ಈಗ ನಿನ್ನ ಪಾಲಿಗೆ ಬರೋಣ. ನೀನಿರುವುದು ಚಿತ್ರದುರ್ಗದ ಕಡೆ, ಸುತ್ತ ಹೊಲವೆಲ್ಲ ಶೇಂಗಾ. ಎಣ್ಣೆಕಾಳು ಎಂಬ ಪ್ರಾಜೆಕ್ಟ್ ಕೊಟ್ಟರು ಎಂದಿಟ್ಟುಕೊ. ಊರಿನ ಮಕ್ಕಳು ಲಿಂಕಿಗೆ ‘ಶೇಂಗಾ’ ಎಂದು ಟ್ಯಾಗ್ ಹಾಕುತ್ತಾರೆ. ಅಪ್ಪನಿಗೆ ವರ್ಗವಾಗಿ ಮೈಸೂರಿನಿಂದ ಬಂದ ಹುಡುಗಿ ‘ಕಡ್ಲೆಕಾಯಿ’ ಎಂದು ಹಾಕುತ್ತಾಳೆ, ಅವಳ ಪಕ್ಕದವಳು ಪುಸ್ತಕದ ಭಾಷೆಯಲ್ಲಿ ‘ಕಡಲೆಕಾಯಿ’. ಮಂಗಳೂರಿನವನಿಗೆ ಅದು ‘ನೆಲಗಡಲೆ’. ಇಂಗ್ಲಿಷ್ ಮೀಡಿಯಂನವರು ‘ಗ್ರೌಂಡ್‌ನಟ್’ ಎಂದು ಒಬ್ಬ, ‘ಪೀನಟ್’ ಎಂದು ಇನ್ನೊಬ್ಬ. ಒಂದೇ ಕಾಳಿಗೆ ಆರು ಗುರುತು, ಆರು ಪಟ್ಟಿ. ಶೇಂಗಾ ಒತ್ತಿದವನಿಗೆ ಉಳಿದ ಐವರು ಕಷ್ಟಪಟ್ಟು ಹುಡುಕಿದ್ದು ಯಾವುದೂ ಕಾಣುವುದಿಲ್ಲ. ಮೆಕ್ಕೆಜೋಳಕ್ಕೆ ಬಂದರೂ ಇದೇ ಹಾಡು: ದಾವಣಗೆರೆಯಲ್ಲಿ ಮೆಕ್ಕೆಜೋಳ, ಧಾರವಾಡದಲ್ಲಿ ಗೋವಿನಜೋಳ, ಹಾಸನದಲ್ಲಿ ಮುಸುಕಿನ ಜೋಳ. ಮದುವೆಮನೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಹಾಗೆ, ಎಲ್ಲ ಅಲ್ಲೇ ಇದೆ, ಜೋಡಿ ಮಾತ್ರ ಸಿಗುವುದಿಲ್ಲ.

ನಮ್ಮ ಹಳೆಯ ಕಾರ್ಡ್ ಕ್ಯಾಟಲಾಗಿನಲ್ಲಿ ಇದಕ್ಕೆ ಮದ್ದು ಇತ್ತು. ‘ಕಡಲೆಕಾಯಿ, ನೋಡಿ: ಶೇಂಗಾ’ ಎಂದು ಒಂದು ಕಾರ್ಡ್. ‘ಎಣ್ಣೆಕಾಳು, ಇದನ್ನೂ ನೋಡಿ: ಶೇಂಗಾ, ಸೂರ್ಯಕಾಂತಿ, ಕುಸುಬೆ’ ಎಂದು ಇನ್ನೊಂದು. ಹೊಸ ಹುಡುಗರು ಈ ಕಾರ್ಡು ನೋಡಿ ನಗುತ್ತಾರೆ. ನಗಲಿ. ಟ್ಯಾಗ್ ಹಾಕುವ ಜನ ಹೆಚ್ಚಿದಷ್ಟೂ ಈ ‘ನೋಡಿ’ ಕಾರ್ಡಿನ ಕೆಲಸ ಹೆಚ್ಚುತ್ತದೆ. ಮಕ್ಕಳು ಅದನ್ನು ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ತಾನು ಹಾಕಿದ ಪದ ಪ್ರತಿಯೊಬ್ಬನಿಗೂ ಸಾಕು. ಆರನ್ನೂ ಒಟ್ಟಿಗೆ ನೋಡುವ ಕುರ್ಚಿ ಶಾಲೆಯಲ್ಲಿ ನಿನ್ನದೊಂದೇ.

ಕನ್ನಡದಲ್ಲಿ ಇದರ ಜೊತೆಗೆ ನಮ್ಮದೇ ಕೆಲವು ತಾಪತ್ರಯಗಳಿವೆ. ಗೋಕಾಕ್ ಚಳವಳಿಯ ಬಗ್ಗೆ ಪ್ರಾಜೆಕ್ಟ್ ಮಾಡುವಾಗ ರಾಜ್‌ಕುಮಾರ್ ಹೆಸರು ಟ್ಯಾಗ್ ಮಾಡದ ಹುಡುಗನಿಲ್ಲ. ಒಬ್ಬ ‘ರಾಜ್‌ಕುಮಾರ್’ ಎಂದು ಜ್ ಬಿಡಿಯಾಗಿ ಬರುವಂತೆ ಬರೆಯುತ್ತಾನೆ. ಹಾಗೆ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಒತ್ತಬೇಕು. ಅದು ಗೊತ್ತಿಲ್ಲದವನಿಗೆ ಕ ಒತ್ತಾಗಿ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಮೂರನೆಯವನು ‘ರಾಜಕುಮಾರ’ ಎನ್ನುತ್ತಾನೆ, ನಾಲ್ಕನೆಯವನು ‘ಅಣ್ಣಾವ್ರು’. ಓದುವ ನಮಗೆ ಎಲ್ಲ ಒಬ್ಬರೇ, ಯಂತ್ರಕ್ಕೆ ನಾಲ್ಕು ಜನ. ಕಾಣದ ಆ ಅಕ್ಷರ ಕಾಪಿ-ಪೇಸ್ಟ್ ಮಾಡುವಾಗ ಪದದ ಕೊನೆಗೂ ಅಂಟಿಕೊಂಡು ಬರುವುದುಂಟು. ಆಗ ಎರಡು ಟ್ಯಾಗ್ ಅಚ್ಚೊತ್ತಿದಂತೆ ಒಂದೇ ಥರ ಕಂಡರೂ ಪಟ್ಟಿ ಬೇರೆ ಬೇರೆ ಬರುತ್ತದೆ. ಹಾಗಾದಾಗ ಗಾಬರಿಯಾಗಬೇಡ, ಟ್ಯಾಗನ್ನು ಪೂರ್ತಿ ಅಳಿಸಿ ಕೈಯಾರೆ ಹೊಸದಾಗಿ ಟೈಪ್ ಮಾಡು.

ವಿಭಕ್ತಿಯದು ಇನ್ನೊಂದು. ಇಂಗ್ಲಿಷಿನಲ್ಲಿ ಏಕವಚನ, ಬಹುವಚನ ಎಂದು ಎರಡಕ್ಕೆ ಜಗಳ ಮುಗಿಯುತ್ತದೆ. ನಮ್ಮಲ್ಲಿ ಕೆರೆ, ಕೆರೆಗಳು, ಕೆರೆಯ, ಕೆರೆಗಳ ಬಗ್ಗೆ ಎಂದು ಮಕ್ಕಳು ವಾಕ್ಯವನ್ನೇ ಟ್ಯಾಗಿಗೆ ತಂದು ಸುರಿಯುತ್ತಾರೆ. ಒಂದೇ ಒಂದು ನಿಯಮ ಹೇಳಿಕೊಡು: ನಿಘಂಟಿನಲ್ಲಿ ಸಿಗುವ ರೂಪದಲ್ಲಿ ಬರೆಯಿರಿ. ಇದಕ್ಕಿಂತ ಹೆಚ್ಚು ನಿಯಮ ಹೇಳಿದರೆ ಟ್ಯಾಗ್ ಹಾಕುವುದನ್ನೇ ಬಿಡುತ್ತಾರೆ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ ಟಿಪ್ಪಣಿಗಳು ನಿಮ್ಮ ಶಾಲೆಯಲ್ಲೂ ಇರುತ್ತವೆ. ಅವುಗಳನ್ನು ಯಾವ ಹುಡುಕಾಟವೂ ಕನ್ನಡ ಎಂದು ಗುರುತಿಸುವುದಿಲ್ಲ. ಪರಿವರ್ತಿಸಿಯೇ ಸೇರಿಸು.

ಲೇಖಕರ ಹೆಸರಿನ ವಿಷಯದಲ್ಲಂತೂ ಮಕ್ಕಳನ್ನು ನಂಬಿ ಕೂರಬೇಡ. ಬೇಂದ್ರೆ ಎಂದರೂ ಅಂಬಿಕಾತನಯದತ್ತ ಎಂದರೂ ಒಬ್ಬರೇ ಎಂದು ಹತ್ತನೇ ತರಗತಿಯವರಿಗೆ ಗೊತ್ತಿರುತ್ತದೆ, ಪರೀಕ್ಷೆಗೆ ಬರುತ್ತದಲ್ಲ. ಆದರೆ ಶ್ರೀರಂಗ ಎಂದರೆ ಆದ್ಯ ರಂಗಾಚಾರ್ಯ, ಆನಂದಕಂದ ಎಂದರೆ ಬೆಟಗೇರಿ ಕೃಷ್ಣಶರ್ಮ, ತ್ರಿವೇಣಿ ಎಂದರೆ ಅನಸೂಯಾ ಶಂಕರ್, ಕಥೆಗಳ ಮೇಲೆ ಶ್ರೀನಿವಾಸ ಎಂದಿದ್ದರೆ ಮಾಸ್ತಿ ಎಂಬುದು? ಕನ್ನಡದಷ್ಟು ಕಾವ್ಯನಾಮ ಇರುವ ಕಡೆ ಹೆಸರುಗಳ ಅಧಿಕೃತ ಪಟ್ಟಿ ಇಲ್ಲದೆ ಟ್ಯಾಗ್ ಬಿಟ್ಟರೆ ಒಬ್ಬ ಲೇಖಕ ಇಬ್ಬರಾಗುತ್ತಾನೆ. ನಿಮ್ಮಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಹಾಕಿದ್ದರೆ ಓದುಗರು ಹಾಕಿದ ಟ್ಯಾಗನ್ನು ನೀನು ನೋಡಿ ಒಪ್ಪಿದ ಮೇಲೆ ಕಾಣುವಂತೆ ಮಾಡುವ ವ್ಯವಸ್ಥೆ ಅದರಲ್ಲೇ ಇದೆ, ಸೆಟ್ಟಿಂಗ್ಸಿನಲ್ಲಿ ಹುಡುಕು. ಇಲ್ಲದಿದ್ದರೆ ಒಂದು ಲಾಂಗ್ ಬುಕ್ ಸಾಕು. ಎಡಗಡೆ ಮಕ್ಕಳ ಪದ, ಬಲಗಡೆ ನಿನ್ನ ಶೀರ್ಷಿಕೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆ ವಾರದ ಹೊಸ ಟ್ಯಾಗುಗಳನ್ನು ಅದಕ್ಕೆ ಇಳಿಸು. ಎಡಗಡೆಯದನ್ನು ತಿದ್ದಬೇಡ, ಕಾಗುಣಿತ ತಪ್ಪಿದ್ದರೂ. ಮುಂದಿನ ವರ್ಷದ ಮಗುವೂ ಅದೇ ತಪ್ಪು ಕಾಗುಣಿತದಲ್ಲೇ ಹುಡುಕುತ್ತದೆ.

‘ಜನ ಹೆಚ್ಚಿದರೆ ತಾನಾಗಿಯೇ ಸರಿಹೋಗುತ್ತೆ ಮೇಡಂ’ ಎಂದು ನಿಮ್ಮ ಕಂಪ್ಯೂಟರ್ ಮಾಸ್ತರರು ಹೇಳಿದರಂತೆ. ಅರ್ಧ ನಿಜ. ಎಚ್‌ಪಿ ಲ್ಯಾಬ್ಸ್‌ನ ಗೋಲ್ಡರ್ ಮತ್ತು ಹ್ಯೂಬರ್‌ಮನ್ ಡಿಲಿಷಿಯಸ್ಸಿನ ಟ್ಯಾಗುಗಳನ್ನು ಅಧ್ಯಯನ ಮಾಡಿ, ಒಂದು ಪುಟವನ್ನು ಸುಮಾರು 100 ಜನ ಉಳಿಸಿಕೊಂಡ ಮೇಲೆ ಯಾವ ಟ್ಯಾಗ್ ಎಷ್ಟು ಪಾಲು ಎಂಬುದು ಹೆಚ್ಚುಕಡಿಮೆ ಸ್ಥಿರವಾಗುತ್ತದೆ ಎಂದು ಕಂಡುಕೊಂಡರು. ಆ 100 ಎಂಬುದನ್ನು ಗಮನಿಸು, ಒಂದೇ ಪುಟಕ್ಕೆ 100 ಜನ. ನಿಮ್ಮ ಶಾಲೆಯಲ್ಲಿ ಒಂದು ಲಿಂಕನ್ನು ನಾಲ್ಕು ಮಕ್ಕಳು ಉಳಿಸಿಕೊಂಡರೆ ಹೆಚ್ಚು. ಅಲ್ಲಿ ಜನಸಂದಣಿಯ ಜಾಣ್ಮೆ ಬರುವುದಕ್ಕೆ ಸಂದಣಿಯೇ ಇಲ್ಲ. ಅದಕ್ಕೇ ದೊಡ್ಡ ತಾಣದಲ್ಲಿ ಚೆನ್ನಾಗಿ ನಡೆದದ್ದು ಶಾಲೆಯಲ್ಲಿ ಸೊರಗುವುದು, ಅದರಲ್ಲಿ ನಿನ್ನ ತಪ್ಪಿಲ್ಲ.

ಸ್ಪಾಲ್ಡಿಂಗ್ 2007ರಲ್ಲಿ ಒಂದು ಮಾತು ಎತ್ತಿದ್ದರು. ಅಮೆಜಾನಿನಷ್ಟು ದೊಡ್ಡ ಅಂಗಡಿಯಲ್ಲಿ ಟ್ಯಾಗ್ ಸೋತಿತು, ತಮ್ಮ ಸಣ್ಣ ಲೈಬ್ರರಿಥಿಂಗ್‌ನಲ್ಲಿ ಗೆದ್ದಿತು, ಏಕೆ? ಜನ ತಮ್ಮ ವಸ್ತುವಿಗೆ ಗುರುತು ಹಾಕುತ್ತಾರೆಯೇ ಹೊರತು ಅಂಗಡಿಯವನ ಸರಕಿಗೆ ಹಾಕುವುದಿಲ್ಲ. ನಾನು ನಿನಗೆ ಹೇಳುವ ಮಾತುಗಳಲ್ಲಿ ಬೇರೆಲ್ಲ ಮರೆತರೂ ಇದನ್ನು ಇಟ್ಟುಕೊ. ‘ಮಕ್ಕಳೇ, ಎಲ್ಲರೂ ಲೈಬ್ರರಿ ಪುಸ್ತಕಕ್ಕೆ ಐದೈದು ಟ್ಯಾಗ್ ಹಾಕಿ, ಅಂಕ ಕೊಡ್ತೀನಿ’ ಎಂದರೆ ಒಳ್ಳೇ, ಸೂಪರ್, ಚೆನ್ನಾಗಿದೆ, ಪಾಠ, ಪುಸ್ತಕ ಎಂದು ಐದು ಬರೆದು ಓಡುತ್ತಾರೆ. ವಿಜ್ಞಾನ ಮೇಳಕ್ಕೆ ತಾನೇ ಮಾದರಿ ಮಾಡುತ್ತಿರುವ ಹುಡುಗಿ ತನ್ನ ಕೆಲಸಕ್ಕೆಂದು ಉಳಿಸಿಕೊಂಡ ಲಿಂಕಿಗೆ ‘ತೂಬು ಹೇಗೆ ಮುಚ್ಚುತ್ತೆ’ ಎಂದು ಹಾಕುತ್ತಾಳೆ. ನಿಘಂಟಿನ ನಿಯಮ ಮುರಿದಳು, ನಿಜ, ಅವಳನ್ನು ಬಿಟ್ಟುಬಿಡು. ಕೆರೆಯ ಬಗ್ಗೆ ಅಷ್ಟು ನಿಖರವಾದ ಪ್ರಶ್ನೆಯನ್ನು ನಮ್ಮ ಯಾವ ಶೀರ್ಷಿಕೆ ಪಟ್ಟಿಯೂ ಕೇಳಿಲ್ಲ.

ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ನಿನಗೆ ಗೊತ್ತಿರುವುದೇ. ಹತ್ತು ಜನ ಟ್ಯಾಗ್ ಹಾಕಿದ್ದು ಸತ್ಯ ಎಂದಾಗುವುದಿಲ್ಲ. ವಾಟ್ಸ್ಆ್ಯಪಿನಲ್ಲಿ ಬಂದ ಕಥೆಗೂ ‘ಇತಿಹಾಸ’ ಎಂಬ ಟ್ಯಾಗ್ ಬಿದ್ದಿರುತ್ತದೆ. ಕಣಜ, ಕನ್ನಡ ವಿಕಿಸೋರ್ಸ್, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ದೀಕ್ಷಾ, ಇಂಥವುಗಳಿಂದ ನೀನೇ ಆರಿಸಿದ ಲಿಂಕುಗಳಿಗೆ ‘ಲೈಬ್ರರಿ ನೋಡಿದೆ’ ಎಂಬಂಥ ನಿನ್ನದೊಂದು ಟ್ಯಾಗ್ ಇಟ್ಟುಕೊ. ಅದನ್ನು ಬೇರೆ ಯಾರೂ ಬಳಸದಿರಲಿ.

ಮಕ್ಕಳ ಹೆಸರಿನ ವಿಷಯಕ್ಕೆ ಬಂದರೆ ಮಾತ್ರ ನೀನು ಗಟ್ಟಿಯಾಗಿ ನಿಲ್ಲಬೇಕು. ಯಾರು ಯಾವ ಪುಸ್ತಕ ತೆಗೆದುಕೊಂಡರು ಎಂದು ನಾವು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ, ಹೆಡ್‌ಮಾಸ್ಟರ್ ಕೇಳಿದರೂ ಮಾತು ಹಾರಿಸುತ್ತಿದ್ದೆವು. ಟ್ಯಾಗ್ ಇರುವುದೇ ತೋರಿಸಲಿಕ್ಕೆ. ಎಂಟನೇ ತರಗತಿಯ ಹುಡುಗಿ ‘ಮುಟ್ಟು, ಹೊಟ್ಟೆನೋವು’ ಎಂದು ಒಂದು ಪುಟ ಉಳಿಸಿಕೊಂಡಳು. ಒಬ್ಬ ಹುಡುಗ ‘ಕುಡಿತ ಬಿಡಿಸೋದು’ ಎಂದು. ಪಕ್ಕದಲ್ಲಿ ಹೆಸರು, ಸೆಕ್ಷನ್, ರೋಲ್ ನಂಬರ್ ಇದ್ದರೆ ಮಧ್ಯಾಹ್ನದ ಬೆಲ್ ಹೊಡೆಯುವಷ್ಟರಲ್ಲಿ ಆ ಹುಡುಗನ ಮನೆಯ ಸುದ್ದಿ ಇಡೀ ತರಗತಿಗೆ ಗೊತ್ತು. ಆದ್ದರಿಂದ ಖಾತೆ ತರಗತಿಯ ಹೆಸರಿನಲ್ಲಿರಲಿ, ಮಗುವಿನ ಹೆಸರಿನಲ್ಲಿ ಬೇಡ. ಡೀಗೋ ಎಂಬ ತಾಣ ಶಿಕ್ಷಕರಿಗೆಂದೇ ಮಾಡಿದ್ದ ಖಾತೆಯಲ್ಲಿ ಮಕ್ಕಳ ಇಮೇಲ್ ಇಲ್ಲದೆಯೇ ಇಡೀ ತರಗತಿಯನ್ನು ಸೇರಿಸಬಹುದಿತ್ತು. ನೀವು ಯಾವುದನ್ನು ಆರಿಸಿದರೂ ಆ ಅನುಕೂಲ ಇದೆಯೇ ಎಂದು ಮೊದಲು ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂಬುದು ಅದರ ಮೂಲ ನಿಯಮ. ಮಂಡಳಿಯವರಿಗೆ ಬೇರೆ ಮಾತು ಹಿಡಿಸದಿದ್ದರೆ ಈ ಕಾಯ್ದೆಯ ಹೆಸರು ಹೇಳು, ತಕ್ಷಣ ಹಿಡಿಸುತ್ತದೆ.

ಕೊನೆಗೆ, ಬೇರೆಯವರ ಅಂಗಳದಲ್ಲಿ ಪೂರ್ತಿ ಮನೆ ಕಟ್ಟಬೇಡ. 2010ರ ಡಿಸೆಂಬರಿನಲ್ಲಿ ಯಾಹೂ ಡಿಲಿಷಿಯಸ್ಸನ್ನು ಮುಚ್ಚುತ್ತದೆ ಎಂಬ ಸುದ್ದಿ ಸೋರಿತು, ವರ್ಷಗಟ್ಟಲೆ ಪಟ್ಟಿ ಕಟ್ಟಿದ ಗ್ರಂಥಪಾಲಕರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಬೇಕಾಯಿತು. ಮರುವರ್ಷ ಅದು ಯೂಟ್ಯೂಬ್ ಸ್ಥಾಪಕರ ಕೈಗೆ ಹೋಯಿತು, ಕೈ ಬದಲಾಗುತ್ತ 2017ರಲ್ಲಿ ಅದರ ಎದುರಾಳಿ ಪಿನ್‌ಬೋರ್ಡ್ ಕೊಂಡು ಹೊಸದೇನೂ ಸೇರಿಸದಂತೆ ಬೀಗ ಹಾಕಿತು. ಸಂಶೋಧಕರಿಗೆಂದು ನೇಚರ್ ಪ್ರಕಾಶನದವರು ನಡೆಸಿದ ಕನೋಟಿಯಾ 2013ರಲ್ಲಿ ನಿಂತಿತು, ಸೈಟ್‌ಯುಲೈಕ್ 2019ರಲ್ಲಿ. ಮೊಜಿಲ್ಲಾದವರ ಪಾಕೆಟ್ 2025ರ ಜುಲೈನಲ್ಲಿ ಬಾಗಿಲು ಹಾಕಿತು. ಯಾವುದು ಉಳಿಯುತ್ತದೆ ಎಂದು ಜ್ಯೋತಿಷ್ಯ ಕೇಳುತ್ತ ಕೂರುವ ಬದಲು, ಯಾವುದರಲ್ಲಿ ಎಕ್ಸ್‌ಪೋರ್ಟ್ ಇದೆ ಎಂದು ನೋಡಿ ಅದನ್ನು ಹಿಡಿ. ಪ್ರತಿ ಟರ್ಮ್ ಮುಗಿದಾಗ ಲಿಂಕು, ಟ್ಯಾಗು ಎಲ್ಲ ಒಂದು ಫೈಲಾಗಿ ಇಳಿಸಿಕೊ, ಮುಖ್ಯವಾದ ಪಟ್ಟಿಗಳನ್ನು ಪ್ರಿಂಟ್ ತೆಗೆದು ಬೈಂಡ್ ಮಾಡಿಸು, ಸತ್ತ ಲಿಂಕುಗಳ ಮೇಲೆ ಪೆನ್ಸಿಲ್ ಗೀಟು ಎಳೆ.

ಆ ಫೈಲ್ ಹಾಕಿದ ಪೆನ್‌ಡ್ರೈವನ್ನು ಡ್ರಾಯರಿನಲ್ಲಿ ಬಿಸಾಡಬೇಡ. ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ನಂಬರ್ ಕೊಟ್ಟು ಏರಿಸು. ಲೇಖಕರು ಎಂಬ ಕಾಲಂನಲ್ಲಿ ‘ಶಾಲೆಯ ಮಕ್ಕಳು’ ಎಂದು ಬರೆ, ಸಂಪಾದಕರು ಎಂದು ನಿನ್ನ ಹೆಸರು. ಬೆಲೆಯ ಕಾಲಂ ಖಾಲಿ ಬಿಟ್ಟರೆ ಸ್ಟಾಕ್ ವೆರಿಫಿಕೇಷನ್‌ಗೆ ಬಂದವರು ತಗಾದೆ ತೆಗೆಯುತ್ತಾರೆ, ಪೆನ್‌ಡ್ರೈವಿನ ಬಿಲ್ ಮೊತ್ತವನ್ನೇ ಹಾಕಿಬಿಡು.